ತಳಹಾಸಿಲ್ಲದ ಮೀನುತೊಟ್ಟಿಯಲ್ಲಿ ಅಲಂಕಾರ ಜೋಡಣೆ

ಮರಳು, ಜಲ್ಲಿ ಹರಡದೆ ಗಾಜಿನ ತಳವನ್ನು ಬರಿದಾಗಿಯೇ ಬಿಟ್ಟ ಅಕ್ವೇರಿಯಂನಲ್ಲಿ ಕೊರಡು, ಕಲ್ಲು, ಗಿಡಗಳನ್ನು ಅಲುಗದಂತೆ ನಿಲ್ಲಿಸುವ ವಿಧಾನ. ಡಿಸ್ಕಸ್ ಮೀನಿನ ಸಾಕಣೆಯಲ್ಲೂ ಮರಿ ಮಾಡಿಸುವ ಮತ್ತು ರೋಗಪೀಡಿತ ಮೀನುಗಳನ್ನು ಬೇರೆ ಇಡುವ ತೊಟ್ಟಿಗಳಲ್ಲೂ ಬರಿ ತಳ ರೂಢಿಯಲ್ಲಿದೆ. ಹಿಕ್ಕೆ, ಉಳಿದ ಆಹಾರವನ್ನು ಪೈಪಿನಿಂದ ಸುಲಭವಾಗಿ ಹೀರಿ ತೆಗೆಯಬಹುದು.

ಕೊರಡು: ಒಣ ಕೊರಡು ತೇಲುತ್ತದೆ. ನೀರು ಹೀರಿ ಮುಳುಗುವವರೆಗೆ ವಾರಗಟ್ಟಲೆ ನೆನೆಸಬೇಕು; ಇಲ್ಲವೇ ಸ್ಲೇಟುಕಲ್ಲಿನ ಹಲಗೆಗೆ ರಂಧ್ರ ಕೊರೆದು, ಕೆಳಗಿನಿಂದ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಬಿಗಿಯಬೇಕು. ಸ್ಕ್ರೂವಿನ ತಲೆ ಕಲ್ಲಿನೊಳಗೆ ಹುದುಗಿರಬೇಕು, ಗಾಜಿಗೆ ತಾಗಬಾರದು.

ಅಂಟು: ಸಿಲಿಕೋನ್ ಬಳಸುವುದಾದರೆ ಶಿಲೀಂಧ್ರನಾಶಕ ಬೆರೆಸದ ಶುದ್ಧ ಬಗೆ ಮಾತ್ರ ಸುರಕ್ಷಿತ. ಒಣಗಿದ, ಜಿಡ್ಡಿಲ್ಲದ ಮೇಲ್ಮೈಗೆ ಹಚ್ಚಿ 24ರಿಂದ 48 ಗಂಟೆ ಬಿಡಬೇಕು. ವಿನೆಗರ್‌ನಂಥ ಹುಳಿ ವಾಸನೆ ಇನ್ನೂ ಬರುತ್ತಿದ್ದರೆ ಅಂಟು ಪೂರ್ತಿ ಗಟ್ಟಿಯಾಗಿಲ್ಲವೆಂದರ್ಥ.

ಗಿಡ: ಅನುಬಿಯಾಸ್, ಜಾವಾ ಫರ್ನ್ ಮಣ್ಣಿಲ್ಲದೆಯೂ ಬೆಳೆಯುತ್ತವೆ. ಅವುಗಳ ಅಡ್ಡಕಾಂಡವನ್ನು ಹತ್ತಿಯ ದಾರದಿಂದ ಕಲ್ಲಿಗೆ ಕಟ್ಟುತ್ತಾರೆ. ದಾರ ಕೊಳೆತು ಬಿಡುವಷ್ಟರಲ್ಲಿ ಬೇರು ಕಲ್ಲನ್ನು ಹಿಡಿದಿರುತ್ತದೆ. ಸಯನೊಅಕ್ರಿಲೇಟ್ ಜೆಲ್ ಅಂಟನ್ನೂ ಬಳಸಬಹುದು.

ಮಿತಿಗಳು: ಅಲಂಕಾರವನ್ನು ಗಾಜಿಗೆ ಹಿಡಿಸುವ ರಬ್ಬರಿನ ಹೀರುಬಟ್ಟಲುಗಳು (ಸಕ್ಷನ್ ಕಪ್) ಕ್ರಮೇಣ ಗಡುಸಾಗಿ ಹಿಡಿತ ಕಳೆದುಕೊಳ್ಳುತ್ತವೆ. ಚೂಪು ತಳದ ಕಲ್ಲಿನ ಭಾರವೆಲ್ಲ ಒಂದೇ ಬಿಂದುವಿನ ಮೇಲೆ ಬಿದ್ದು ಗಾಜು ಬಿರಿಯಬಹುದು. ಚಪ್ಪಟೆ ತಳದ ಕಲ್ಲೇ ಮೇಲು. ಕಡಪ ಕಲ್ಲು ಸುಣ್ಣಕಲ್ಲಿನ ಜಾತಿಯದಾದ್ದರಿಂದ ನೀರಿನ ಗಡಸುತನ ಹೆಚ್ಚಿಸಬಲ್ಲದು. ಮೆದುನೀರು ಬೇಡುವ ಡಿಸ್ಕಸ್ ತೊಟ್ಟಿಗೆ ಅದು ಸಲ್ಲದು.