ಸೈನೈಡ್ ಗುಡ್ಡ ಮತ್ತು ಗೊಗಿನನ್ ಹುಲ್ಲು

ಕೆಜಿಎಫ್ ಅಂದ ತಕ್ಷಣ ಈಗ ಎಲ್ಲರಿಗೂ ನೆನಪಾಗೋದು ಯಶ್. ತಪ್ಪೇನಿಲ್ಲ ಬಿಡಿ. ಆದರೆ ಆ ಊರಿನವರಿಗೆ ಮೊದಲು ಕಣ್ಣಿಗೆ ಬೀಳೋದು ಸೈನೈಡ್ ಗುಡ್ಡ. ಗಾಳಿಕಾಲ ಬಂತೆಂದರೆ ಆ ಗುಡ್ಡದ ಧೂಳು ಮನೆಯೊಳಗೆ, ನೀರಿನ ಕೊಡದೊಳಗೆ, ಎದೆಯೊಳಗೆ.

ಈ ಗುಡ್ಡ ದೇವರು ಮಾಡಿದ್ದಲ್ಲ. 1887ರಲ್ಲಿ ಗ್ಲಾಸ್ಗೋದ ಮ್ಯಾಕ್‌ಆರ್ಥರ್ ಮತ್ತು ಫಾರೆಸ್ಟ್ ಸೋದರರು ಸೈನೈಡ್ ನೀರಿನಲ್ಲಿ ಚಿನ್ನ ಕರಗಿಸೋ ವಿಧಾನಕ್ಕೆ ಪೇಟೆಂಟ್ ಪಡೆದರು. ಕಲ್ಲನ್ನು ಹಿಟ್ಟಿನಂತೆ ಅರೆದು, ಸೈನೈಡ್ ಬೆರೆಸಿ, ಚಿನ್ನ ತೆಗೆದುಕೊಳ್ಳೋದು. ಒಂದು ಟನ್ ಕಲ್ಲಿಗೆ ಸಿಗೋದು ಗ್ರಾಂ ಲೆಕ್ಕದ ಚಿನ್ನ. ಮಿಕ್ಕಿದ್ದೆಲ್ಲ ಗುಡ್ಡ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಉಳಿದದ್ದು 13 ಗುಡ್ಡ, ಸುಮಾರು 3.3 ಕೋಟಿ ಟನ್. ಸೈನೈಡ್ ಬಿಸಿಲು ಗಾಳಿಗೆ ಕ್ರಮೇಣ ಕರಗಿಹೋಗುತ್ತೆ. ಧೂಳು ಎಲ್ಲಿಗೆ ಹೋಗುತ್ತೆ ಹೇಳಿ?

ಈಗ ಸ್ವಲ್ಪ ಬ್ರಿಟನ್ನಿನ ವೇಲ್ಸ್‌ಗೆ ಬನ್ನಿ. ಅಲ್ಲಿ ಗೊಗಿನನ್ ಅಂತ ಒಂದು ಹಳ್ಳಿ, ಅಲ್ಲೊಂದು ಸೀಸದ ಗಣಿ. 19ನೇ ಶತಮಾನದಲ್ಲಿ ಅದನ್ನು ನಡೆಸಿದವರು ಯಾರು ಗೊತ್ತಾ? ಜಾನ್ ಟೇಲರ್ ಕಂಪನಿ. ಹೌದು, 1880ರಲ್ಲಿ ಕೋಲಾರಕ್ಕೆ ಬಂದದ್ದೂ ಅದೇ ಟೇಲರ್ ಮನೆತನದ ಕಂಪನಿ! ಅಲ್ಲೂ ಗಣಿ ಮುಚ್ಚಿತು, ವಿಷದ ರಾಶಿ ಉಳಿಯಿತು.

1950ರ ದಶಕದ ಶುರುವಿನಲ್ಲಿ ಟೋನಿ ಬ್ರಾಡ್‌ಶಾ ಅನ್ನೋ ಸಸ್ಯವಿಜ್ಞಾನಿ ಅಲ್ಲೊಂದು ವಿಚಿತ್ರ ಕಂಡರು. ಸೀಸ ತುಂಬಿದ ಮಣ್ಣಿನಲ್ಲೇ ಹುಲ್ಲು ಬೆಳೆದಿತ್ತು. ಪಕ್ಕದ ಹುಲ್ಲುಗಾವಲಿನ ಅದೇ ಜಾತಿ ಹುಲ್ಲು ತಂದು ಆ ಮಣ್ಣಿಗೆ ಹಾಕಿದರೆ ಬದುಕಲ್ಲ. ಗುಟ್ಟು ಸರಳ. ಸಾವಿರಾರು ಬೀಜಗಳಲ್ಲಿ ಎಲ್ಲೋ ಒಂದೆರಡಕ್ಕೆ ಲೋಹ ತಡೆಯೋ ತಾಕತ್ತು ಇರುತ್ತೆ. ಉಳಿದವು ಸಾಯುತ್ತವೆ, ಅವು ಮಾತ್ರ ಬೀಜ ಬಿಡುತ್ತವೆ. ಡಾರ್ವಿನ್ ಹೇಳಿದ ಆಯ್ಕೆ, ಗಣಿಯ ಕಸದ ಮೇಲೆ, ಮನುಷ್ಯನ ಕಣ್ಣೆದುರೇ!

ಮುಂದೆ ಲಿವರ್‌ಪೂಲ್ ವಿಶ್ವವಿದ್ಯಾಲಯದಲ್ಲಿ ಬ್ರಾಡ್‌ಶಾ ಮತ್ತು ಸಂಗಡಿಗರು ಇಂಥ ಹುಲ್ಲುಗಳನ್ನು ಬಿತ್ತನೆ ಬೀಜವಾಗಿಯೇ ತಯಾರು ಮಾಡಿದರು. ಹುಳಿ ಮಣ್ಣಿನ ಸೀಸ, ಸತುವಿಗೆ ‘ಗೊಗಿನನ್’. ತಾಮ್ರಕ್ಕೆ ‘ಪ್ಯಾರಿಸ್’. ಫ್ರಾನ್ಸಿನ ಪ್ಯಾರಿಸ್ ಅಲ್ಲ, ವೇಲ್ಸ್‌ನದ್ದೇ ಒಂದು ತಾಮ್ರದ ಬೆಟ್ಟ. ಸುಣ್ಣದ ಅಂಶದ ಮಣ್ಣಿಗೆ ‘ಮರ್ಲಿನ್’.

ಒಂದು ಮಾತು. ಈ ಹುಲ್ಲು ವಿಷ ತಿಂದು ಮುಗಿಸಲ್ಲ. ಲೋಹವನ್ನು ಬಹುಪಾಲು ಬೇರಿನಲ್ಲೇ ಹಿಡಿದಿಡುತ್ತೆ, ಮಣ್ಣು ಹಾರದಂತೆ ನೋಡಿಕೊಳ್ಳುತ್ತೆ, ಅಷ್ಟೆ. ಹೀರಿಕೊಳ್ಳೋ ಗಿಡಗಳ ಕುಲವೇ ಬೇರೆ. ನ್ಯೂ ಕ್ಯಾಲೆಡೋನಿಯಾದಲ್ಲಿ ಒಂದು ಮರದ ಹಾಲೇ ನಿಕ್ಕಲ್‌ನಿಂದ ನೀಲಿ-ಹಸಿರು. ಆದರೆ ಕೆಜಿಎಫ್‌ಗೆ ತುರ್ತಾಗಿ ಬೇಕಿರೋದು ಧೂಳನ್ನು ಹಿಡಿದಿಡೋ ಬೇರು.

ವೇಲ್ಸ್ ಹುಲ್ಲು ಕೋಲಾರದ ಬಿಸಿಲಿಗೆ ಉಳಿಯಲ್ಲ, ತರಿಸೋದೂ ಬೇಡ. ತರಬೇಕಾದ್ದು ಬ್ರಾಡ್‌ಶಾ ನೋಡಿದ ರೀತಿ. ನಮ್ಮ ಗುಡ್ಡದ ಮೇಲೆ ಯಾರೂ ನೆಡದೆ, ನೀರು ಹಾಕದೆ ಹುಟ್ಟಿದ್ದು ಯಾವುದು ಅಂತ ಹುಡುಕಿ, ಅದರ ಬೀಜ ಹಿಡಿಯಬೇಕು.

2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಈ 13 ಗುಡ್ಡಗಳಿಂದ ಮತ್ತೆ ಚಿನ್ನ ತೆಗೆಯೋ ಕೇಂದ್ರದ ಪ್ರಸ್ತಾವಕ್ಕೆ ಒಪ್ಪಿತು. ತೆಗೆಯಲಿ, ಬೇಡ ಅನ್ನೋರು ಯಾರು? ಆದರೆ ಸ್ವಾಮಿ, ಚಿನ್ನ ತೆಗೆದ ಮೇಲೂ ಆ ಧೂಳು ಹೆಚ್ಚುಕಮ್ಮಿ 3.3 ಕೋಟಿ ಟನ್ನೇ. ಅದರ ಮೇಲೆ ಹುಲ್ಲು ಬೆಳೆಸೋ ಖರ್ಚು ಯಾರ ಲೆಕ್ಕಕ್ಕೆ?