ಕೊರಗು: ಮಂಡ್ಯ ಸೀಮೆಯ ಕೃಷಿಬದುಕಿನಲ್ಲಿ ಒತ್ತಡದ ಚರಿತ್ರೆ

ಗಾಬರಿ, ಕೊರಗು ಎಂಬ ಪದಗಳನ್ನು ಕನ್ನಡ ಜನಪದರು ಒಂದರ ಬದಲಿಗೆ ಇನ್ನೊಂದಾಗಿ ಬಳಸುವುದಿಲ್ಲ. ಹಾವು ಕಂಡಾಗ ಆಗುವುದು ಗಾಬರಿ. ಸಾಲದ ಚಿಂತೆ ವರ್ಷಗಟ್ಟಲೆ ಒಳಗೊಳಗೇ ಸವೆಸುವುದು ಕೊರಗು. ‘ಕೊರಗಿ ಸೊರಗಿದ’ ಎಂಬ ಮಾತಿನಲ್ಲಿ ಮನಸ್ಸಿನ ನೋವು ದೇಹವನ್ನು ಇಳಿಸುತ್ತದೆಂಬ ತಿಳಿವಳಿಕೆ ಅಡಗಿದೆ.

ವೈದ್ಯವಿಜ್ಞಾನದಲ್ಲಿ ಒತ್ತಡದ ಅಧ್ಯಯನಕ್ಕೆ ನಾಂದಿಯಾದದ್ದು 1936ರಲ್ಲಿ ಹ್ಯಾನ್ಸ್ ಸೆಲ್ಯೆ ಪ್ರಕಟಿಸಿದ ಕಿರುಲೇಖನ. ಅಪಾಯ ಎದುರಾದಾಗ ಮೆದುಳಿನ ಹೈಪೋಥಲಾಮಸ್ ಪಿಟ್ಯುಟರಿ ಗ್ರಂಥಿಯನ್ನು ಪ್ರಚೋದಿಸುತ್ತದೆ. ಅದರ ಸೂಚನೆಯಂತೆ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಕಾರ್ಟಿಸೋಲ್ ಸ್ರವಿಸುತ್ತವೆ. ರಕ್ತದಲ್ಲಿ ಸಕ್ಕರೆ ಏರಿ ದೇಹ ಸಜ್ಜಾಗುತ್ತದೆ. ಸ್ರಾವ ಸಾಕೆಂದು ಮೆದುಳಿಗೆ ತಿಳಿಸುವುದೂ ಕಾರ್ಟಿಸೋಲೇ. ಗಾಬರಿಯಲ್ಲಿ ಈ ತಡೆ ಸರಿಯಾಗಿ ನಡೆಯುತ್ತದೆ. ಕೊರಗು ದೀರ್ಘವಾದಾಗ ವ್ಯವಸ್ಥೆ ಹದಗೆಟ್ಟು ನಿದ್ರೆ, ರಕ್ತದೊತ್ತಡ, ರೋಗನಿರೋಧಕ ಶಕ್ತಿ ಏರುಪೇರಾಗುತ್ತವೆ.

ಮಂಡ್ಯ, ಮದ್ದೂರು, ಮಳವಳ್ಳಿಗಳ ರೈತನ ಕೊರಗಿಗೂ ಒಂದು ಚರಿತ್ರೆಯಿದೆ. ರಾಗಿ, ಕೆರೆನೀರುಗಳ ಹಳೆಯ ಕಾಲವನ್ನು ನೆಮ್ಮದಿಯ ಕಾಲವೆಂದು ಬಣ್ಣಿಸುವಂತಿಲ್ಲ. 1876–78ರ ಧಾತು ಬರ ಮೈಸೂರು ಸೀಮೆಯನ್ನು ಬರಿದು ಮಾಡಿತ್ತು. ಆದರೆ ಅಂದಿನ ಚಿಂತೆ ಊರಿಗೆಲ್ಲ ಒಂದೇ ಆಗಿತ್ತು. 1930ರ ದಶಕದಲ್ಲಿ ಕೃಷ್ಣರಾಜಸಾಗರದಿಂದ ಹರಿದ ಇರ್ವಿನ್ ನಾಲೆ, ಇಂದಿನ ವಿಶ್ವೇಶ್ವರಯ್ಯ ನಾಲೆ, ಮತ್ತು 1933ರಲ್ಲಿ ಸ್ಥಾಪಿತವಾದ ಮೈಸೂರು ಸಕ್ಕರೆ ಕಂಪನಿ ಕಬ್ಬನ್ನು ಇಲ್ಲಿನ ಜೀವಾಳವಾಗಿಸಿದವು. ಸಂಪತ್ತು ಬಂದಿತು, ನಿಜ. ಜೊತೆಗೆ ವರ್ಷವಿಡೀ ಬೆಳೆಯುವ ಬೆಳೆ, ಮುಂಗಡ ಸಾಲ, ಕಟಾವಿನ ಸರದಿ, ಬಟವಾಡೆಗಾಗಿ ಕಾಯುವಿಕೆಗಳೂ ಬಂದವು. 1966ರ ಕಬ್ಬು ನಿಯಂತ್ರಣ ಆದೇಶದಂತೆ ಕಬ್ಬು ಪೂರೈಸಿದ 14 ದಿನಗಳಲ್ಲಿ ಹಣ ಸಂದಾಯವಾಗಬೇಕು. ಬಾಕಿ ಉಳಿದಾಗ ಬೆಳೆದವನಿಗೆ ಆ ಗಡುವೇ ಕೊರಗಿನ ಆರಂಭ. 2015ರಲ್ಲಿ ಜಿಲ್ಲೆಯ ಕಬ್ಬು ಬೆಳೆಗಾರರ ಆತ್ಮಹತ್ಯೆಗಳು ರಾಜ್ಯವನ್ನೇ ಕಲಕಿದವು.

ಇದೇ ನೆಲದಲ್ಲಿ ನೀಲಗಾರರು ತಂಬೂರಿ, ಗಗ್ಗರಗಳೊಡನೆ ರಾತ್ರಿಯಿಡೀ ಮಂಟೇಸ್ವಾಮಿ ಕಾವ್ಯ ಹಾಡುತ್ತ ಬಂದಿದ್ದಾರೆ. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರ ಈ ಪರಂಪರೆಯ ಪ್ರಮುಖ ಕ್ಷೇತ್ರ. ಮದ್ದೂರು ತಾಲ್ಲೂಕಿನ ನಿಡಘಟ್ಟದ ಕೆಂಪಾಚಾರಿಯನ್ನು ಮಂಟೇಸ್ವಾಮಿ ಶಿಶುಮಗನಾಗಿ ಬೇಡುವುದು, ತಾಯಿ ಮುದ್ದಮ್ಮನ ಸಂಕಟ, ಅವನು ಸಿದ್ಧಪ್ಪಾಜಿಯಾಗಿ ಹಲಗೂರಿನ ಪಾಂಚಾಳರಲ್ಲಿ ಕಬ್ಬಿಣದ ಭಿಕ್ಷೆಗೆ ಹೋಗಿ ಅನುಭವಿಸುವ ಹಿಂಸೆ, ಇವೆಲ್ಲ ಕೇಳುಗರ ಊರುಗಳಲ್ಲೇ ನಡೆಯುವ ದುಃಖಗಳು. ಇಂಥ ಗಾಯನವನ್ನು ಒತ್ತಡಕ್ಕೆ ಮದ್ದೆಂದು ಘೋಷಿಸುವ ಉತ್ಸಾಹ ಕೆಲವು ಜಾನಪದ ಬರಹಗಳಲ್ಲಿದೆ. ಅದು ಅತಿಯಾಯಿತು. ರಾತ್ರಿಯಿಡೀ ಎಚ್ಚರವಿರುವುದನ್ನು ಯಾವ ಹಾರ್ಮೋನು ತಜ್ಞನೂ ಸಲಹೆ ಮಾಡಲಾರ! ಕಥೆ ಮಾಡುವುದು ಬೇರೊಂದು ಕೆಲಸವನ್ನು: ಮುದ್ದಮ್ಮನ ದುಃಖವನ್ನು ಊರು ಒಟ್ಟಾಗಿ ಕೇಳುತ್ತದೆ, ಬೆಳಗಿನ ವೇಳೆಗೆ ಅದಕ್ಕೊಂದು ಮುಕ್ತಾಯ ದೊರೆಯುತ್ತದೆ. ಸಾಲಗಾರನ ದುಃಖವಾದರೋ ಮರ್ಯಾದೆಗೆ ಅಂಜಿ ಮನೆಯೊಳಗೂ ಬಾಯಿ ಬಿಡುವುದಿಲ್ಲ.

ಕ್ರಮಬದ್ಧ ನಿದ್ರೆ, ದೈಹಿಕ ಚಟುವಟಿಕೆ, ನಿಧಾನ ಉಸಿರಾಟ, ಆಪ್ತರೊಡನೆ ಮಾತು, ಅಗತ್ಯವಿದ್ದಲ್ಲಿ ಔಷಧ ಮತ್ತು ಸಮಾಲೋಚನೆ ವೈದ್ಯರು ಸೂಚಿಸುವ ಉಪಾಯಗಳು. ಗದ್ದೆಯಲ್ಲಿ ದುಡಿಯುವವನಿಗೆ ವ್ಯಾಯಾಮದ ಕೊರತೆಯಿಲ್ಲ. ಕೊರತೆಯಿರುವುದು ಮಾತಿಗೆ, ಹಾಗೂ ಸಕಾಲದ ಬಟವಾಡೆಗೆ. ಎರಡನೆಯದನ್ನು ಯಾವ ಸಮಾಲೋಚಕನೂ ಒದಗಿಸಲಾರ. ಮೊದಲನೆಯದಕ್ಕೆ 2022ರಲ್ಲಿ ಆರಂಭವಾದ, ಬೆಂಗಳೂರಿನ ನಿಮ್ಹಾನ್ಸ್ ಮಾರ್ಗದರ್ಶನದ ಟೆಲಿ ಮಾನಸ್ ಸೇವೆಯಿದೆ. 14416 ಸಂಖ್ಯೆಗೆ ಕರೆ ಮಾಡಿ ಹೆಸರು ಹೇಳದೆಯೂ ಕನ್ನಡದಲ್ಲಿಯೇ ಮಾತನಾಡಬಹುದು.