ಹೆದ್ದಾರಿ ಕೈಬಿಟ್ಟ ಊರುಗಳಲ್ಲಿ ನೆನಪಿನ ಮನೆಗಳು: ಮೋಟಾರ್‌ಹೋಮ್‌ನಲ್ಲಿ ರೂಟ್ 66

ಅಮೆರಿಕದ ಷಿಕಾಗೋ ನಗರದಿಂದ ಪೆಸಿಫಿಕ್ ಸಾಗರ ತೀರದ ಸಾಂಟಾ ಮೋನಿಕಾವರೆಗೆ ಎಂಟು ರಾಜ್ಯಗಳನ್ನು ಹಾದುಹೋಗುತ್ತಿದ್ದ ರೂಟ್ 66 ಹೆದ್ದಾರಿ ಇಂದು ಸರ್ಕಾರಿ ದಾಖಲೆಯಲ್ಲಿ ಇಲ್ಲ. 1926ರ ನವೆಂಬರ್ 11ರಂದು ಅಧಿಕೃತವಾಗಿ ಅಸ್ತಿತ್ವಕ್ಕೆ ಬಂದ, ಸುಮಾರು 3,940 ಕಿ.ಮೀ. ಉದ್ದದ ಈ ರಸ್ತೆಯನ್ನು 1985ರ ಜೂನ್ 27ರಂದು ಹೆದ್ದಾರಿಗಳ ಪಟ್ಟಿಯಿಂದ ತೆಗೆದುಹಾಕಲಾಯಿತು. ಆದರೂ ಪ್ರತಿವರ್ಷ ಜಗತ್ತಿನ ನಾನಾ ಭಾಗಗಳಿಂದ ಜನ ಬಂದು, ಅಳಿದುಳಿದ ಅದರ ತುಣುಕುಗಳ ಮೇಲೆ ಪ್ರಯಾಣ ಮಾಡುತ್ತಾರೆ. ಅವರಲ್ಲಿ ಮನೆಯನ್ನೇ ವಾಹನದಲ್ಲಿಟ್ಟುಕೊಂಡು ಬರುವವರ ಸಂಖ್ಯೆಯೂ ಸಣ್ಣದಲ್ಲ.

ಇಂಥ ವಾಹನಕ್ಕೆ ಅಲ್ಲಿ ಆರ್‌ವಿ ಅಥವಾ ಮೋಟಾರ್‌ಹೋಮ್ ಎಂದು ಹೆಸರು. ನಮ್ಮಲ್ಲಿ ಕ್ಯಾರವಾನ್ ಎಂದರೆ ಬೇಗ ಅರ್ಥವಾಗುತ್ತದೆ. ಹಾಸಿಗೆ, ಅಡುಗೆ ಒಲೆ, ಶೌಚಾಲಯ, ನೀರಿನ ತೊಟ್ಟಿ ಎಲ್ಲವೂ ಒಂದೇ ಗಾಡಿಯೊಳಗೆ. ಅಮೆರಿಕದಲ್ಲಿ ನೆಲೆಸಿದ ಮಕ್ಕಳನ್ನು ನೋಡಲು ಹೋಗುವ ಕರ್ನಾಟಕದ ಹಿರಿಯರೂ ಈಚಿನ ವರ್ಷಗಳಲ್ಲಿ ಕುಟುಂಬದೊಡನೆ ಇದನ್ನು ಬಾಡಿಗೆಗೆ ಹಿಡಿದು ಸುತ್ತುವುದುಂಟು. ಗ್ರ್ಯಾಂಡ್ ಕ್ಯಾನ್ಯನ್, ಲಾಸ್ ವೇಗಸ್ ನೋಡಿ ಮರಳುವವರೇ ಹೆಚ್ಚು. ನಡುದಾರಿಯಲ್ಲಿ ಸಿಗುವ, ಐನೂರು ಸಾವಿರ ಜನಸಂಖ್ಯೆಯ ಊರುಗಳೂ ಅವುಗಳ ವಸ್ತುಸಂಗ್ರಹಾಲಯಗಳೂ ಲೆಕ್ಕಕ್ಕೆ ಬರುವುದು ಕಡಿಮೆ. ಆದರೆ ಅಮೆರಿಕ ತನ್ನ ಬಗ್ಗೆ ತಾನೇ ಏನು ನೆನಪಿಟ್ಟುಕೊಂಡಿದೆ, ಏನನ್ನು ಮರೆತಿದೆ ಎಂಬುದು ಈ ಚಿಕ್ಕ ಕಟ್ಟಡಗಳಲ್ಲೇ ಸ್ಪಷ್ಟವಾಗಿ ಕಾಣುತ್ತದೆ.

ರಸ್ತೆ ಹುಟ್ಟಿದ್ದು, ಅಳಿದದ್ದು

ಒಕ್ಲಹಾಮಾದ ಟಲ್ಸಾ ನಗರದ ಉದ್ಯಮಿ ಸೈರಸ್ ಏವರಿ ಅವರನ್ನು ಈ ರಸ್ತೆಯ ಜನಕರೆಂದು ಕರೆಯುವುದು ವಾಡಿಕೆ. ಹೊಸದಾಗಿ ಗೆರೆ ಎಳೆದು ಹಾಕಿದ ದಾರಿ ಇದಾಗಿರಲಿಲ್ಲ. ಊರೂರುಗಳ ಮುಖ್ಯಬೀದಿಗಳನ್ನೇ ಪೋಣಿಸಿ ಒಂದು ಸಂಖ್ಯೆ ಕೊಟ್ಟಿದ್ದರು. ಹೀಗಾಗಿ ಹೆದ್ದಾರಿಯಲ್ಲಿ ಹೋಗುವ ಪ್ರತಿಯೊಬ್ಬನೂ ಊರಿನ ನಡುವೆಯೇ ಹೋಗಬೇಕಿತ್ತು. ಪೆಟ್ರೋಲ್ ಬಂಕ್, ಹೋಟೆಲು, ವಸತಿಗೃಹ ಎಲ್ಲವೂ ಈ ಓಡಾಟವನ್ನೇ ನೆಚ್ಚಿ ಬೆಳೆದವು. 1938ರ ಹೊತ್ತಿಗೆ ರಸ್ತೆ ಪೂರ್ತಿ ಡಾಂಬರು, ಕಾಂಕ್ರೀಟು ಕಂಡಿತು.

1956ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಅಂಕಿತ ಹಾಕಿದ ಹೆದ್ದಾರಿ ಕಾಯ್ದೆಯಿಂದ ಅಂತರರಾಜ್ಯ ಹೆದ್ದಾರಿಗಳ ಜಾಲ ಆರಂಭವಾಯಿತು. ಹೊಸ ರಸ್ತೆಗಳು ಊರುಗಳನ್ನು ಬಳಸಿಕೊಂಡು ಹೋದವು. ಬೈಪಾಸ್ ಆದ ಮೇಲೆ ಊರಿನ ಹೋಟೆಲಿಗೆ ಏನಾಗುತ್ತದೆ ಎಂಬುದನ್ನು ಕರ್ನಾಟಕದ ಓದುಗರಿಗೆ ವಿವರಿಸಬೇಕಾಗಿಲ್ಲ. ಅರಿಝೋನಾದ ಸೆಲಿಗ್ಮನ್ ಪಟ್ಟಣದ ಪಕ್ಕದಲ್ಲಿ ಹೊಸ ಹೆದ್ದಾರಿ 1978ರ ಸೆಪ್ಟೆಂಬರ್ 22ರಂದು ತೆರೆಯಿತು. ಅಂದೇ ಊರಿನ ಬೀದಿ ಬರಿದಾಯಿತು. ಕಟ್ಟಕಡೆಗೆ, 1984ರ ಅಕ್ಟೋಬರ್‌ನಲ್ಲಿ, ಅದೇ ರಾಜ್ಯದ ವಿಲಿಯಮ್ಸ್ ಪಟ್ಟಣದ ಸರದಿಯೂ ಬಂತು.

ಸೆಲಿಗ್ಮನ್‌ನ ಕ್ಷೌರಿಕ ಏಂಜೆಲ್ ಡೆಲ್ಗಾಡಿಲೊ ಅವರು ಸುಮ್ಮನಿರಲಿಲ್ಲ. 1987ರ ಫೆಬ್ರವರಿಯಲ್ಲಿ ಸುತ್ತಲ ಊರುಗಳವರನ್ನು ಸೇರಿಸಿ ಸಂಘ ಕಟ್ಟಿದರು. ಅದೇ ವರ್ಷ ಅರಿಝೋನಾ ರಾಜ್ಯವು ಸೆಲಿಗ್ಮನ್‌ನಿಂದ ಕಿಂಗ್‌ಮನ್‌ವರೆಗಿನ ಹಳೆಯ ರಸ್ತೆಗೆ ಐತಿಹಾಸಿಕ ಮಾನ್ಯತೆ ನೀಡಿತು. ಉಳಿದ ರಾಜ್ಯಗಳಲ್ಲೂ ಇಂಥ ಸಂಘಗಳು ಹುಟ್ಟಿಕೊಂಡವು. 1999ರಲ್ಲಿ ಕೇಂದ್ರ ಸರ್ಕಾರವೂ ಕಾನೂನು ಮಾಡಿ, ಹಳೆಯ ಕಟ್ಟಡಗಳ ದುರಸ್ತಿಗೆ ನೆರವಿನ ವ್ಯವಸ್ಥೆ ಕಲ್ಪಿಸಿತು. ಸರ್ಕಾರಕ್ಕಿಂತ ಹನ್ನೆರಡು ವರ್ಷ ಮೊದಲೇ ಕ್ಷೌರದಂಗಡಿಯಲ್ಲಿ ಕೆಲಸ ಶುರುವಾಗಿತ್ತೆಂಬುದು ಇಲ್ಲಿ ಉಲ್ಲೇಖನೀಯ.

ಗಾಲಿಯ ಮೇಲಿನ ಮನೆ

ಈ ರಸ್ತೆಯಲ್ಲಿ ವಾಹನವನ್ನೇ ಮನೆ ಮಾಡಿಕೊಂಡು ಮೊದಲು ಹೋದವರು ವಿಹಾರಿಗಳಲ್ಲ. 1930ರ ದಶಕದ ಬರ ಮತ್ತು ಧೂಳಿನ ಬಿರುಗಾಳಿಯಿಂದ ಹೊಲ ಕಳೆದುಕೊಂಡ ಒಕ್ಲಹಾಮಾ, ಟೆಕ್ಸಾಸ್ ಕಡೆಯ ರೈತರು ಹಳೆಯ ಲಾರಿ, ಕಾರುಗಳ ಮೇಲೆ ಹಾಸಿಗೆ ಪಾತ್ರೆ ಹೇರಿಕೊಂಡು ಕ್ಯಾಲಿಫೋರ್ನಿಯಾಕ್ಕೆ ಗುಳೆ ಹೊರಟದ್ದು ಇದೇ ದಾರಿಯಲ್ಲಿ. ಜಾನ್ ಸ್ಟೈನ್‌ಬೆಕ್ ಅವರ 1939ರ ಕಾದಂಬರಿ ‘ದಿ ಗ್ರೇಪ್ಸ್ ಆಫ್ ರಾತ್’ ಈ ಗುಳೆಯನ್ನೇ ಕುರಿತದ್ದು. ಅದೇ ಸ್ಟೈನ್‌ಬೆಕ್ 1960ರಲ್ಲಿ ಪಿಕಪ್ ಲಾರಿಯ ಮೇಲೆ ಕೋಣೆ ಕಟ್ಟಿಸಿಕೊಂಡು, ಜೊತೆಗೆ ನಾಯಿಯನ್ನು ಕೂರಿಸಿಕೊಂಡು ದೇಶ ಸುತ್ತಿದರು. ‘ರೋಸಿನಾಂಟೆ’ ಎಂದು ಅವರು ಹೆಸರಿಟ್ಟಿದ್ದ ಆ ಗಾಡಿ ಈಗ ಕ್ಯಾಲಿಫೋರ್ನಿಯಾದ ಸಲೀನಸ್ ಪಟ್ಟಣದ ಸ್ಟೈನ್‌ಬೆಕ್ ಕೇಂದ್ರದಲ್ಲಿದೆ.

ಕಪ್ಪು ಜನಾಂಗದವರಿಗೂ ಈ ರಸ್ತೆಯಲ್ಲಿ ಕಾರೇ ಮಲಗುವ ಕೋಣೆಯಾಗಬೇಕಾದ ಸಂದರ್ಭಗಳಿದ್ದವು. ಅನೇಕ ವಸತಿಗೃಹಗಳು ಅವರನ್ನು ಒಳಗೆ ಬಿಡುತ್ತಿರಲಿಲ್ಲ. ಸೂರ್ಯ ಮುಳುಗಿದ ಮೇಲೆ ಅವರು ಕಾಣಿಸಿಕೊಳ್ಳಕೂಡದೆಂಬ ಕಟ್ಟಳೆಯ ಊರುಗಳೂ ಇದ್ದವು. ಎಲ್ಲಿ ಊಟ ಸಿಗುತ್ತದೆ, ಎಲ್ಲಿ ಮಲಗಬಹುದು ಎಂಬುದನ್ನು ತಿಳಿಸುವ ‘ಗ್ರೀನ್ ಬುಕ್’ ಎಂಬ ಕೈಪಿಡಿಯನ್ನು ವಿಕ್ಟರ್ ಹ್ಯೂಗೋ ಗ್ರೀನ್ 1936ರಿಂದ ಪ್ರಕಟಿಸತೊಡಗಿದ್ದು ಇದಕ್ಕಾಗಿಯೇ. ರೂಟ್ 66ರ ಬಣ್ಣಬಣ್ಣದ ನಿಯಾನ್ ಫಲಕಗಳ ಚಿತ್ರಗಳಲ್ಲಿ ಈ ಅಧ್ಯಾಯ ಬಹುಕಾಲ ಕಾಣಿಸಿಕೊಂಡಿರಲಿಲ್ಲ.

ಒಕ್ಲಹಾಮಾದ ಲೂಥರ್ ಬಳಿ ಮರಳುಗಲ್ಲಿನ ಪುಟ್ಟ ಕಟ್ಟಡವೊಂದು ಅದಕ್ಕೆ ಸಾಕ್ಷಿಯಾಗಿ ನಿಂತಿದೆ. ಥ್ರೆಟ್ ಎಂಬ ಕಪ್ಪು ಕುಟುಂಬ ಸುಮಾರು 1915ರಲ್ಲಿ ಕಟ್ಟಿಸಿದ ಪೆಟ್ರೋಲ್ ಬಂಕ್ ಅದು. 1995ರಲ್ಲಿ ರಾಷ್ಟ್ರೀಯ ಐತಿಹಾಸಿಕ ಸ್ಥಳಗಳ ಪಟ್ಟಿಗೆ ಸೇರಿತು. 2021ರಲ್ಲಿ ದೇಶದ ಅತ್ಯಂತ ಅಪಾಯದಲ್ಲಿರುವ ಹನ್ನೊಂದು ಪಾರಂಪರಿಕ ತಾಣಗಳಲ್ಲಿ ಒಂದೆಂದು ಅದನ್ನು ಹೆಸರಿಸಲಾಯಿತು.

ದಾರಿಯ ಸಂಗ್ರಹಾಲಯಗಳು

ಪೂರ್ವದಿಂದ ಹೊರಟವರಿಗೆ ಇಲಿನಾಯ್ ರಾಜ್ಯದ ಪಾಂಟಿಯಾಕ್ ಮೊದಲ ಮುಖ್ಯ ನಿಲುಗಡೆ. ರಾಜ್ಯದ ರೂಟ್ 66 ಸಂಘದ ಸಂಗ್ರಹ 2004ರಲ್ಲಿ ಇಲ್ಲಿನ ಹಳೆಯ ನಗರಸಭೆ ಮತ್ತು ಅಗ್ನಿಶಾಮಕ ಠಾಣೆಯ ಕಟ್ಟಡಕ್ಕೆ ಬಂತು. ಮೋಟಾರ್‌ಹೋಮ್ ಪ್ರಯಾಣಿಕರು ಇಲ್ಲಿ ತಮ್ಮ ಪೂರ್ವಿಕನೊಬ್ಬನನ್ನು ಭೇಟಿ ಮಾಡಿದಂತಾಗುತ್ತದೆ. ಬಾಬ್ ವಾಲ್ಡ್‌ಮೈರ್ ಎಂಬ ಚಿತ್ರಕಾರರು ಈ ರಸ್ತೆಯ ಊರುಗಳನ್ನು ಲೇಖನಿ, ಶಾಯಿಯಲ್ಲಿ ಬಿಡಿಸುತ್ತಾ, ಅಂಚೆ ಕಾರ್ಡು, ನಕ್ಷೆಗಳನ್ನು ಮಾರುತ್ತಾ ಬಾಳಿದವರು. ಸುತ್ತಾಟಕ್ಕೆ 1972ರ ಫೋಕ್ಸ್‌ವ್ಯಾಗನ್ ವ್ಯಾನು, ವಾಸಕ್ಕೆ ಸೌರಫಲಕ ಹೊದಿಸಿದ ಹಳೆಯ ಶಾಲಾ ಬಸ್ಸು. 2009ರ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡ ಬಳಿಕ ಎರಡೂ ವಾಹನಗಳು ಪಾಂಟಿಯಾಕ್ ಸೇರಿದವು. ಪಿಕ್ಸಾರ್ ಸಂಸ್ಥೆಯ 2006ರ ‘ಕಾರ್ಸ್’ ಚಿತ್ರದ ಹಿಪ್ಪಿ ವ್ಯಾನ್ ಪಾತ್ರಕ್ಕೆ ಸ್ಫೂರ್ತಿ ಈ ಫೋಕ್ಸ್‌ವ್ಯಾಗನ್ನೇ. ಆ ಚಿತ್ರದ ನಿರ್ದೇಶಕ ಜಾನ್ ಲ್ಯಾಸಿಟರ್ ಅವರಿಗೆ ಕಥೆಯ ಎಳೆ ಹೊಳೆದದ್ದೂ 2000ನೇ ಇಸವಿಯ ಬೇಸಿಗೆಯಲ್ಲಿ ಕುಟುಂಬದೊಡನೆ ಮೋಟಾರ್‌ಹೋಮ್‌ನಲ್ಲಿ ಕೈಗೊಂಡ ಎರಡು ತಿಂಗಳ ಪ್ರವಾಸದಲ್ಲಿ.

ಮಿಸೌರಿ ದಾಟಿದ ಮೇಲೆ ಕ್ಯಾನ್ಸಾಸ್. ಈ ರಾಜ್ಯದ ಪಾಲಿಗೆ ಬಂದ ರೂಟ್ 66 ಕೇವಲ 21 ಕಿ.ಮೀ. ಅಷ್ಟರಲ್ಲೇ ಗಲೀನಾ, ಬ್ಯಾಕ್ಸ್‌ಟರ್ ಸ್ಪ್ರಿಂಗ್ಸ್ ಎಂಬ ಎರಡು ಊರುಗಳಲ್ಲಿ ನೋಡಬೇಕಾದ ಸಂಗ್ರಹಾಲಯಗಳಿವೆ. ಗಲೀನಾ ಎಂದರೆ ಸೀಸದ ಅದಿರಿನ ಹೆಸರು. ಇಲ್ಲಿನ ಹಳೆಯ ರೈಲು ನಿಲ್ದಾಣದಲ್ಲಿ ಗಣಿಗಾರಿಕೆಯ ಉಪಕರಣ, ದಾಖಲೆಗಳನ್ನು ಜೋಡಿಸಿಟ್ಟಿದ್ದಾರೆ. ಬಹುತೇಕ ಪ್ರವಾಸಿಗರು ‘ಕಾರ್ಸ್’ ಚಿತ್ರಕ್ಕೆ ಮಾದರಿಯಾದ 1951ರ ಲಾರಿಯ ಮುಂದೆ ಚಿತ್ರ ತೆಗೆಸಿಕೊಂಡು ಮುಂದಕ್ಕೆ ಹೋಗಿಬಿಡುತ್ತಾರೆ. ರೈಲು ನಿಲ್ದಾಣಕ್ಕೆ ಹೋದವರಿಗೆ ಮಾತ್ರ ಈ ಸೀಮೆಯ ನಿಜ ಕಥೆ ತಿಳಿಯುತ್ತದೆ. ಇಲ್ಲಿಂದ ಕೆಲವೇ ಮೈಲಿ ದೂರದಲ್ಲಿ, ಒಕ್ಲಹಾಮಾ ಗಡಿಯೊಳಗಿದ್ದ ಪಿಷರ್ ಪಟ್ಟಣ ಮೊದಲ ಮಹಾಯುದ್ಧದ ಕಾಲದಲ್ಲಿ ಸೀಸ, ಸತುವಿನ ಗಣಿಗಳಿಗೆ ಹೆಸರಾಗಿತ್ತು. ಗಣಿ ನಿಂತ ಮೇಲೆ ಉಳಿದದ್ದು ವಿಷದ ತ್ಯಾಜ್ಯದ ಗುಡ್ಡಗಳು, ಕೆಂಪಗೆ ಹರಿಯುವ ತೊರೆ. 1983ರಲ್ಲಿ ಈ ಪ್ರದೇಶ ಕೇಂದ್ರ ಸರ್ಕಾರದ ಶುದ್ಧೀಕರಣ ಪಟ್ಟಿಗೆ ಸೇರಿತು. ಮಕ್ಕಳ ರಕ್ತದಲ್ಲಿ ಸೀಸ ಪತ್ತೆಯಾಯಿತು. 2008ರ ಮೇ 10ರ ಸುಂಟರಗಾಳಿ ಅಳಿದುಳಿದ ಮನೆಗಳನ್ನು ಕೆಡವಿತು. 2009ರಲ್ಲಿ ಊರಿನ ಪುರಸಭೆಯೇ ವಿಸರ್ಜನೆಯಾಯಿತು.

ಇದೇ ಭಾಗದಲ್ಲಿ, ಒಕ್ಲಹಾಮಾದ ಮಯಾಮಿ ಮತ್ತು ಆಫ್ಟನ್ ನಡುವೆ, 1922ರ ಸುಮಾರಿನ ಒಂಬತ್ತು ಅಡಿ ಅಗಲದ ರಸ್ತೆಯ ತುಣುಕು ಉಳಿದಿದೆ. ದೊಡ್ಡ ಮೋಟಾರ್‌ಹೋಮ್‌ನ ಅಗಲವೇ ಎಂಟೂವರೆ ಅಡಿ! ಇಂಥಲ್ಲಿ ಗಾಡಿ ನಿಲ್ಲಿಸಿ ನಡೆದು ನೋಡುವುದೇ ಲೇಸು.

ಒಕ್ಲಹಾಮಾದ ಕ್ಲಿಂಟನ್‌ನಲ್ಲಿ 1995ರಿಂದ ಇರುವ ಸಂಗ್ರಹಾಲಯವನ್ನು ರಾಜ್ಯದ ಇತಿಹಾಸ ಸಂಸ್ಥೆ ನಡೆಸುತ್ತದೆ. ಒಂದೊಂದು ದಶಕಕ್ಕೆ ಒಂದೊಂದು ವಿಭಾಗವೆಂಬಂತೆ ವ್ಯವಸ್ಥಿತವಾಗಿದೆ. ಇಡೀ ರಸ್ತೆಯ ಇತಿಹಾಸವನ್ನು ಒಂದೇ ಕಡೆ ತಿಳಿಯಬೇಕೆಂಬವರಿಗೆ ಇದು ತಕ್ಕುದು.

ಟೆಕ್ಸಾಸ್‌ನ ಮೆಕ್ಲೀನ್ ಹಾಗಲ್ಲ. ಸಾವಿರಕ್ಕಿಂತ ಕಡಿಮೆ ಜನರಿರುವ ಈ ಊರಿನ ಸಂಗ್ರಹಾಲಯ ಮುಳ್ಳುತಂತಿಗೆ ಮೀಸಲು. ಹೆಸರು ‘ಡೆವಿಲ್ಸ್ ರೋಪ್’, ಅಂದರೆ ಸೈತಾನನ ಹಗ್ಗ. ಒಂದು ಕಾಲಕ್ಕೆ ಮಹಿಳೆಯರ ಒಳಉಡುಪು ತಯಾರಿಸುತ್ತಿದ್ದ ಕಾರ್ಖಾನೆಯ ಕಟ್ಟಡದಲ್ಲಿ 1991ರಲ್ಲಿ ಆರಂಭವಾಯಿತು. ಮುಳ್ಳುತಂತಿಯಲ್ಲಿ ನೋಡುವುದೇನಿದೆ ಎಂದು ನಕ್ಕು ಒಳಗೆ ಹೋದವರು ಗಂಟೆಗಟ್ಟಲೆ ನಿಲ್ಲುವಂತೆ ಮಾಡುವ ಸಂಗ್ರಹ ಇದು. ಜೋಸೆಫ್ ಗ್ಲಿಡನ್ ಎಂಬ ಇಲಿನಾಯ್ ರೈತ 1874ರಲ್ಲಿ ಪೇಟೆಂಟ್ ಪಡೆದ ಈ ಅಗ್ಗದ ತಂತಿಯಿಂದ ಮರವಿಲ್ಲದ ಬಯಲು ಸೀಮೆಗೆ ಬೇಲಿ ಬಿತ್ತು. ದನಗಳನ್ನು ನೂರಾರು ಮೈಲಿ ಹೊಡೆದುಕೊಂಡು ಹೋಗುತ್ತಿದ್ದ ದನಗಾಹಿಗಳ ಕಾಲ ಮುಗಿಯಿತು. ಮೂಲನಿವಾಸಿಗಳ ಪಾಲಿಗೆ ತೆರೆದ ನೆಲವೇ ಇಲ್ಲವಾಯಿತು.

ಗ್ರ್ಯಾಂಟ್ಸ್‌ನ ಯುರೇನಿಯಂ

ನ್ಯೂ ಮೆಕ್ಸಿಕೋದ ಗ್ರ್ಯಾಂಟ್ಸ್ ಪಟ್ಟಣದಲ್ಲಿ ರೂಟ್ 66ರ ಪಕ್ಕದಲ್ಲೇ ಗಣಿ ಸಂಗ್ರಹಾಲಯವೊಂದಿದೆ. ನೆಲಮಾಳಿಗೆಯಲ್ಲಿ ಯುರೇನಿಯಂ ಗಣಿಯ ಪ್ರತಿರೂಪವನ್ನೇ ನಿರ್ಮಿಸಲಾಗಿದೆ. 1950ರಲ್ಲಿ ಪ್ಯಾಡಿ ಮಾರ್ಟಿನೆಜ್ ಎಂಬ ನವಾಹೊ ಬುಡಕಟ್ಟಿನ ಕುರಿಗಾಹಿಗೆ ಸಿಕ್ಕ ಹಳದಿ ಕಲ್ಲಿನಿಂದ ಈ ಊರು ಯುರೇನಿಯಂ ರಾಜಧಾನಿ ಎನಿಸಿಕೊಂಡಿತು. ಅಮೆರಿಕದ ಪರಮಾಣು ಶಸ್ತ್ರಗಳಿಗೆ, ಬಳಿಕ ವಿದ್ಯುತ್ ಸ್ಥಾವರಗಳಿಗೆ ಇಲ್ಲಿನ ಅದಿರು ಹೋಯಿತು. 1980ರ ದಶಕದಲ್ಲಿ ಬೆಲೆ ಕುಸಿದು ಗಣಿಗಳು ಮುಚ್ಚಿದವು.

ಗಣಿಯೊಳಗಿನ ರೇಡಾನ್ ಅನಿಲದಿಂದ ಶ್ವಾಸಕೋಶದ ಕ್ಯಾನ್ಸರ್‌ಗೆ ತುತ್ತಾದ ಕಾರ್ಮಿಕರಲ್ಲಿ ನವಾಹೊ ಜನರೇ ಬಹಳ. ನವಾಹೊ ಸೀಮೆಯಲ್ಲಿ ಪಾಳುಬಿಟ್ಟ ಯುರೇನಿಯಂ ಗಣಿಗಳು 500ಕ್ಕೂ ಹೆಚ್ಚು. ಸಂತ್ರಸ್ತರಿಗೆ ಪರಿಹಾರ ನೀಡಲು 1990ರಲ್ಲಿ ಕಾನೂನು ಬಂತಾದರೂ 1971ರ ನಂತರ ಗಣಿಗಿಳಿದವರನ್ನು ಅದು ಒಳಗೊಂಡಿರಲಿಲ್ಲ. ಗ್ರ್ಯಾಂಟ್ಸ್‌ನ ಗಣಿಗಳು ಜೋರಾಗಿದ್ದ ಎಪ್ಪತ್ತರ ದಶಕದ ಕಾರ್ಮಿಕರು ಹೀಗೆ ಹೊರಗುಳಿದರು. 2024ರ ಜೂನ್‌ನಲ್ಲಿ ಆ ಕಾನೂನಿನ ಅವಧಿಯೇ ಮುಗಿದುಹೋಯಿತು. 2025ರ ಜುಲೈನಲ್ಲಿ ಅದನ್ನು ಮತ್ತೆ ಜಾರಿಗೆ ತಂದಾಗ 1990ರವರೆಗೆ ದುಡಿದವರಿಗೂ ಅರ್ಹತೆ ನೀಡಲಾಯಿತು. ಅಷ್ಟರೊಳಗೆ ಅವರಲ್ಲಿ ಅನೇಕರು ಬದುಕಿರಲಿಲ್ಲ. ನೆಲಮಾಳಿಗೆಗೆ ಇಳಿಯುವ ಮುನ್ನ ಇಷ್ಟು ತಿಳಿದಿದ್ದರೆ ಅಲ್ಲಿನ ಹೆಲ್ಮೆಟ್, ದೀಪ, ಕೊರೆಯುವ ಯಂತ್ರಗಳು ಬೇರೆಯಾಗಿಯೇ ಕಾಣುತ್ತವೆ.

ಪ್ರಯಾಣಿಕರ ಗಮನಕ್ಕೆ

ಇಡೀ ದಾರಿಯನ್ನು ದಿನಕ್ಕೆ 200 ಕಿ.ಮೀ.ನಂತೆ ಕ್ರಮಿಸಿದರೂ ಇಪ್ಪತ್ತು ದಿನ ಬೇಕು. ಅದಕ್ಕಿಂತ ವೇಗವಾಗಿ ಹೋದರೆ ಸಂಗ್ರಹಾಲಯಗಳ ಬೀಗ ನೋಡಿಕೊಂಡು ಬರಬೇಕಾದೀತು. ಸಣ್ಣ ಊರುಗಳಲ್ಲಿ ಇವನ್ನು ನಡೆಸುವವರು ಹೆಚ್ಚಾಗಿ ನಿವೃತ್ತ ಸ್ವಯಂಸೇವಕರು. ವಾರಕ್ಕೆ ಎರಡು ಮೂರು ದಿನ, ಅದೂ ಮಧ್ಯಾಹ್ನ ಮಾತ್ರ ತೆರೆಯುವುದುಂಟು. ಚಳಿಗಾಲದಲ್ಲಿ ಪೂರ್ತಿ ಮುಚ್ಚುವುದೂ ಉಂಟು. ಮುನ್ನಾದಿನ ದೂರವಾಣಿ ಮಾಡಿದರೆ, ಹೊತ್ತಲ್ಲದ ಹೊತ್ತಿನಲ್ಲೂ ಬಂದು ಬಾಗಿಲು ತೆರೆಯುವ ಹಿರಿಯರು ಸಿಗುತ್ತಾರೆ. ಹಲವೆಡೆ ಟಿಕೆಟ್ ಇರುವುದಿಲ್ಲ, ಕಾಣಿಕೆ ಡಬ್ಬಿ ಇರುತ್ತದೆ.

ರಾತ್ರಿ ತಂಗಲು 1962ರಲ್ಲಿ ಮೊಂಟಾನಾದಲ್ಲಿ ಆರಂಭವಾದ ಕೆಓಎಯಂಥ ಶಿಬಿರತಾಣಗಳ ಸರಣಿಗಳಿವೆ. ನೀರು, ವಿದ್ಯುತ್, ಮಲಿನ ನೀರು ಖಾಲಿ ಮಾಡುವ ವ್ಯವಸ್ಥೆ ಅಲ್ಲಿ ದೊರೆಯುತ್ತದೆ. ಬಯಲು ಸೀಮೆಯ ಕೆಲವು ಪುರಸಭೆಗಳು ಊರಿನ ಉದ್ಯಾನದಲ್ಲೇ ಅಲ್ಪ ಶುಲ್ಕಕ್ಕೆ ಜಾಗ ಕೊಡುತ್ತವೆ. ಹಾರ್ವೆಸ್ಟ್ ಹೋಸ್ಟ್ಸ್ ಎಂಬ ಸಂಸ್ಥೆಯ ಸದಸ್ಯರಾದವರು ಹೊಲ, ತೋಟಗಳಲ್ಲಷ್ಟೇ ಅಲ್ಲದೆ ಕೆಲವು ಸಂಗ್ರಹಾಲಯಗಳ ಅಂಗಳದಲ್ಲೂ ಒಂದು ರಾತ್ರಿ ಗಾಡಿ ನಿಲ್ಲಿಸಬಹುದು. ಸಂಜೆ ಬಾಗಿಲು ಹಾಕಿದ ಮೇಲೆ ಊರಿನವರೊಡನೆ ಮಾತಿಗೆ ಸಿಗುವ ಸಮಯ ಅದು. ಹೆದ್ದಾರಿಯ ಹೋಟೆಲಿನಲ್ಲಿ ತಂಗುವವರಿಗೆ ಈ ಲಾಭವಿಲ್ಲ.

ಕೊನೆಯ ಹಂತದಲ್ಲಿ ಒಂದು ಎಚ್ಚರಿಕೆ ಅಗತ್ಯ. ಅರಿಝೋನಾದ ಕಿಂಗ್‌ಮನ್‌ನಿಂದ ಓಟ್‌ಮನ್‌ಗೆ ಹೋಗುವ ಹಳೆಯ ಘಟ್ಟದ ರಸ್ತೆಯಲ್ಲಿ 40 ಅಡಿಗಿಂತ ಉದ್ದದ ವಾಹನಗಳಿಗೆ ಪ್ರವೇಶವಿಲ್ಲ. ಅದಕ್ಕಿಂತ ಚಿಕ್ಕ ಗಾಡಿಗಳಿಗೂ ತಿರುವುಗಳು ಕಠಿಣವೇ. ದೊಡ್ಡ ಮೋಟಾರ್‌ಹೋಮ್ ತಂದವರು ಅದನ್ನು ಕಿಂಗ್‌ಮನ್‌ನಲ್ಲೇ ನಿಲ್ಲಿಸಿ, 1907ರ ವಿದ್ಯುತ್ ಸ್ಥಾವರದ ಕಟ್ಟಡದಲ್ಲಿರುವ ರೂಟ್ 66 ಸಂಗ್ರಹಾಲಯವನ್ನು ನೋಡಿಕೊಂಡು, ಕಾರಿನಲ್ಲಿ ಘಟ್ಟ ಹತ್ತುವುದು ಒಳಿತು. ಓಟ್‌ಮನ್‌ನ ಚಿನ್ನದ ಗಣಿಗಳು 1942ರಲ್ಲಿ ಯುದ್ಧಕಾಲದ ಆದೇಶದಿಂದ ನಿಂತವು. ಗಣಿಗಾರರು ಬಿಟ್ಟುಹೋದ ಕತ್ತೆಗಳ ಸಂತತಿ ಇಂದಿಗೂ ಅಲ್ಲಿನ ಬೀದಿಯಲ್ಲಿ ಅಡ್ಡಾಡುತ್ತಾ, ಬಂದ ವಾಹನಗಳನ್ನು ತಡೆದು ನಿಲ್ಲಿಸುತ್ತದೆ.